ರಾಗಿ ಮೇಲೊಂದು ಫ್ರಾನ್ಸಿನ ಹಳ್ಳಿ

ತೊಂಬತ್ತರ ದಶಕದಲ್ಲಿ ದಾಬಸ್‌ಪೇಟೆಯ ನಮ್ಮ ಕಾರ್ಖಾನೆಗೆ ಮಷೀನು ಕೂರಿಸೋಕೆ ಫ್ರಾನ್ಸಿನಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಅವನದೂ ಹಳ್ಳಿಯೇ ಅಂತ ಗೊತ್ತಾಗಿ, ಒಂದು ಭಾನುವಾರ ತೂಬಗೆರೆಯ ನಮ್ಮ ಮನೆಗೆ ಕರ್ಕೊಂಡು ಹೋದೆ.

"ನಿಮ್ಮೂರು ಹೆಂಗಿದೆಯಪ್ಪಾ?" ಅಂದಳು ನಮ್ಮಜ್ಜಿ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಅವನು ಅಂಗಳದಲ್ಲಿ ಒಣಹಾಕಿದ್ದ ರಾಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಲ್ಲೇ ನಕ್ಷೆ ಬರೆದ. ಗುಡ್ಡದ ಮೇಲೆ ಅರವತ್ತು ಮನೆ, ಕೆಳಗೆ ಹೊಳೆ, ನಡುವೆ ಎಂಟುನೂರು ವರ್ಷದ ಚರ್ಚು. ಯುದ್ಧದಲ್ಲಿ ಊರು ಎರಡು ಸಲ ಸುಟ್ಟುಹೋಯಿತಂತೆ. ಎರಡು ಸಲವೂ ಅದೇ ಕಲ್ಲುಗಳಿಂದ ಮತ್ತೆ ಕಟ್ಟಿಕೊಂಡರಂತೆ.

"ಕೆರೆ ಎಲ್ಲೋ?" ಅಂತ ಅಜ್ಜಿ ಬಗ್ಗಿ ಹುಡುಕಿದಳು. ಕೆರೆಯೇ ಇಲ್ಲವಂತೆ.

"ಕೆರೆ ಇಲ್ದೆ ಅದೆಂಥ ಊರು! ಹೋಗ್ಲಿ ಬಿಡು, ರಾಗಿಗೆ ಕೈಯಾಡಿಸಿದಂಗಾಯ್ತು."

ಅವನು ನನ್ನ ಕಡೆ ತಿರುಗಿದ. "ನಿಮ್ಮೂರ ಕೆರೆ ಯಾರು ಕಟ್ಟಿಸಿದ್ದು?"

"ಯಾರೋ ರಾಜರು," ಅಂದೆ.

"ಯಾವ ರಾಜ? ಯಾವಾಗ?"

ಅದೇ ಕೆರೇಲಿ ಈಜು ಕಲಿತವನು ನಾನು. ಅಜ್ಜಿಯ ಮುಖ ನೋಡಿದೆ.

"ಏನಂತೆ?" ಅಂದಳು ಅಜ್ಜಿ. ಹೇಳಿದೆ.

"ಅವನ್ನೇ ಕೇಳು ಕಣೋ. ಅಷ್ಟೆಲ್ಲಾ ತಿಳ್ಕೊಂಡಿರೋನಿಗೆ ನಮ್ಮೂರಿಂದೂ ಗೊತ್ತಿರುತ್ತೆ."

ಆ ಒಂದು ಮಾತನ್ನು ಮಾತ್ರ ನಾನು ಇಂಗ್ಲಿಷಿಗೆ ತಿರುಗಿಸಲಿಲ್ಲ.