ಅಟ್ಟದ ಕಾಯಿ ಇಳಿಯುವ ತನಕ

ಮೊನ್ನೆ ಅಡುಗೆಮನೆಯ ಸಜ್ಜಾದ ಮೇಲಿಂದ ದೊಡ್ಡ ಪಾತ್ರೆ ಇಳಿಸುವಾಗ ಅದರ ಹಿಂದೆ ಎಂದೋ ಇಟ್ಟು ಮರೆತಿದ್ದ ಒಂದು ತೆಂಗಿನಕಾಯಿ ಕೈಗೆ ಸಿಕ್ಕಿತು. ಸಿಪ್ಪೆಯೂ ಸುಲಿಯದ ಇಡೀ ಕಾಯಿ. ಸೆರಗಿನಲ್ಲಿ ಧೂಳು ಒರೆಸಿದವಳು ಯೋಚನೆಗೂ ಮುಂಚೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ನಮ್ಮ ಕಡೆ ಹುಟ್ಟಿದವರ ಕೈ ಸುಮ್ಮನಿರುವುದಿಲ್ಲ, ಕಾಯಿ ಸಿಕ್ಕಿದರೆ ಅಲ್ಲಾಡಿಸಲೇಬೇಕು. ಒಳಗೆ ಒಣಗಿದ ಕೊಬ್ಬರಿ ಗಡಗಡ ಎಂದಿತು. ತಿಪಟೂರಿನಲ್ಲಿ ಸಂಸಾರ ಮಾಡುವವಳಿಗೆ ಕೊಬ್ಬರಿಯ ಸದ್ದು ಹೊಸದಲ್ಲ. ನಮ್ಮ ಬೀದಿಯಲ್ಲೇ ಲಾರಿಗಟ್ಟಲೆ ಕೊಬ್ಬರಿ ಹೋಗುತ್ತದೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಆದರೆ ಒಂಟಿ ಕಾಯಿಯೊಳಗಿನ ಆ ಸದ್ದು ಕೇಳಿದರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಒಂದು ಕಾಲದಲ್ಲಿ ನಮ್ಮ ಮನೆ ಒಡೆಯಲು ಆ ಸದ್ದೊಂದೇ ಬಾಕಿಯಿತ್ತು. ಸ್ಟೂಲಿನ ಮೇಲೆ ನಿಂತೇ ಇದ್ದೆ, ಇಳಿಯಬೇಕೆಂದು ಹೊಳೆಯಲಿಲ್ಲ.

ದಬ್ಬೇಘಟ್ಟದಲ್ಲಿ ಬಸ್ಸಿಳಿದು ತೋಟಗಳ ನಡುವಿನ ಬಂಡಿದಾರಿಯಲ್ಲಿ ನಡೆದು ಹೋದರೆ ನಮ್ಮ ಮನೆ ಸಿಗುತ್ತಿತ್ತು. ಹಂಚಿನ ಮನೆ, ಮುಂದೆ ಅಂಗಳ, ಹಿಂದೆ ದನದ ಕೊಟ್ಟಿಗೆ. ಅಡುಗೆಮನೆಯಿಂದ ನಡುಮನೆಯವರೆಗೂ ತಲೆಯ ಮೇಲೆ ಮರದ ಪಟ್ಟಿಗಳ ಅಟ್ಟ. ತೋಟದಲ್ಲಿ ಕೆಡವಿದ ಕಾಯಿಗಳನ್ನು ಸಿಪ್ಪೆಯ ಸಮೇತ ಅದರ ಮೇಲೆ ಹರಡಿ, ಕೆಳಗೆ ಒಲೆ ಉರಿಸುತ್ತಾ ಹೋದರೆ ಹೊಗೆಗೂ ಕಾವಿಗೂ ನಿಧಾನವಾಗಿ ಒಣಗಿ, ವರ್ಷ ತುಂಬುವ ಹೊತ್ತಿಗೆ ಒಳಗಿನ ಕಾಯಿ ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತಿತ್ತು. ಹೊಗೆ, ಸಿಪ್ಪೆಯ ನಾರು, ಎಣ್ಣೆಯ ಘಮ ಎಲ್ಲಾ ಕಲೆತು ಒಂದು ವಾಸನೆ ಆಗುತ್ತಿತ್ತಲ್ಲ, ಅಂಥ ಮನೆಯಲ್ಲಿ ಬೆಳೆದವರಿಗೆ ಅದು ಗೊತ್ತಿರುತ್ತದೆ. ನಮ್ಮ ಬಟ್ಟೆಗೂ ಜಡೆಗೂ ಸ್ಕೂಲಿನ ಚೀಲಕ್ಕೂ ಅದೇ ವಾಸನೆ. ಅಟ್ಟದ ಕಾಯಿ ಮೊದಮೊದಲು ಅಲ್ಲಾಡಿಸಿದರೆ ಕುಳುಕುಳು ಎನ್ನುತ್ತಿತ್ತು. ನೀರು ಇಂಗುತ್ತಾ ಬಂದಂತೆ ಸದ್ದು ಸಣ್ಣದಾಗಿ, ಆಮೇಲೆ ಕೆಲವು ತಿಂಗಳು ಏನೂ ಕೇಳಿಸದು. ಮೂಕನಂತೆ ಕೂತಿರುತ್ತಿತ್ತು. ಆ ಮೂಕ ತಿಂಗಳುಗಳು ಮುಗಿದ ಮೇಲೆ ಗಡಗಡ. ಬೇರೆ ಮನೆಗಳಲ್ಲಿ ಆ ಸದ್ದಿಗೆ ಸಂಭ್ರಮಪಡುತ್ತಿದ್ದರು, ನಮ್ಮ ಮನೆಯಲ್ಲಿಯೂ ಆ ಒಂದು ವರ್ಷ ಬಿಟ್ಟು ಉಳಿದ ವರ್ಷವೆಲ್ಲ ಹಾಗೆಯೇ.

ಆ ವರ್ಷ ಕಾಯಿ ಅಟ್ಟಕ್ಕೆ ಏರಿದ ಸ್ವಲ್ಪ ದಿನಕ್ಕೆ ಚಿಕ್ಕಪ್ಪ ತೋಟದ ಮೂಲೆಯಲ್ಲಿದ್ದ ಹಳೆಯ ಮರಗಳನ್ನು ಅಪ್ಪನಿಗೆ ಹೇಳದೆ ಕಡಿಸಿಬಿಟ್ಟರು. ಅವು ಫಸಲು ಕೊಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಆ ಜಾಗದಲ್ಲಿ ಹೊಸ ಸಸಿ ಇಡುವುದು ಅವರ ಆಸೆ. ಆದರೆ ಅವು ತಾತ ನೆಟ್ಟ ಮರಗಳು. ಸಂಜೆ ತೋಟಕ್ಕೆ ಹೋದ ಅಪ್ಪ ಬುಡಗಳನ್ನು ನೋಡಿ, ಕೂಲಿಯವರ ಎದುರಿಗೇ, ನಮ್ಮಪ್ಪನ ಕುತ್ತಿಗೆ ಕುಯ್ದವನು ನೀನು ಎಂದುಬಿಟ್ಟರಂತೆ. ಚಿಕ್ಕಪ್ಪ ನೇರವಾಗಿ ಮನೆಗೆ ಬಂದು ಅಜ್ಜಿಯ ಮುಂದೆ ನಿಂತು ತಮ್ಮ ಪಾಲು ಕೇಳಿದರು. ಇಬ್ಬರೂ ಹಟಮಾರಿಗಳು, ಆ ಗುಣವೊಂದನ್ನು ಮಾತ್ರ ತಾತ ಇಬ್ಬರಿಗೂ ಸರಿಸಮ ಹಂಚಿ ಹೋಗಿದ್ದರು. ಊರಿನ ಹಿರಿಯರು ಬಂದು ಜಗಲಿಯಲ್ಲಿ ಕೂತು ಬುದ್ಧಿ ಹೇಳಿ, ಸೋತು, ಕೊನೆಗೆ ಭಾಗ ಆಗಲಿ ಎಂದಾಗ ಬಾಗಿಲ ಮರೆಯಲ್ಲಿದ್ದ ಅಜ್ಜಿ ಹೊರಗೆ ಬಂದರು. ಅವರು ಅತ್ತಿರಲಿಲ್ಲ. ಹಣೆಯ ವಿಭೂತಿಯೂ ಕದಡಿರಲಿಲ್ಲ.

"ಅಟ್ಟದ ಮ್ಯಾಲಿರೋವು ಒಟ್ಗೆ ಹತ್ತಿಸಿದ ಕಾಯಿ ಕಣ್ರಪ್ಪಾ. ಅವು ಇಳಿಯೋ ತನಕ ಈ ಮನೇಲಿ ಒಂದೇ ಒಲೆ ಉರೀಬೇಕು. ಆಮೇಲೆ ಏನಾದ್ರೂ ಮಾಡ್ಕಳಿ."

ಅದಕ್ಕೆ ಯಾರೂ ಎದುರಾಡಲಿಲ್ಲ. ಅರ್ಧ ಒಣಗಿದ ಕಾಯಿಯನ್ನು ಕದಲಿಸಿದರೆ ಕೆಡುತ್ತದೆ, ಅದು ಎಲ್ಲರಿಗೂ ತಿಳಿದ ವಿಷಯ. ಹೀಗೆ ನಮ್ಮ ಮನೆಗೆ ಅಟ್ಟದ ಮೇಲಿನ ಕಾಯಿ ಒಣಗುವಷ್ಟು ಆಯುಷ್ಯ ಸಿಕ್ಕಿತು. ಆದರೆ ಆ ಆಯುಷ್ಯ ಎಂಥದ್ದು! ಅಪ್ಪ ಊಟಕ್ಕೆ ಕೂತರೆ ಚಿಕ್ಕಪ್ಪ ತೋಟದಲ್ಲಿ ಇರುತ್ತಿದ್ದರು. ಚಿಕ್ಕಪ್ಪ ಒಳಗೆ ಬಂದರೆ ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೊರಡುತ್ತಿದ್ದರು. ಒಬ್ಬರು ಇನ್ನೊಬ್ಬರ ಎದುರಿಗೇ ನಿಂತು, ಮೋಟಾರು ಆಫ್ ಮಾಡಬೇಕಂತೆ ಹೇಳು ಎಂದು ನನ್ನ ಮುಖ ನೋಡಿ ಹೇಳುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆ ಇನ್ನೊಬ್ಬರು ಹೋಗಿ ಆಫ್ ಮಾಡಿರುತ್ತಿದ್ದರು. ಹೆಂಡತಿಯರೂ ಮಾತು ಬಿಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಮ್ಮ ಒಮ್ಮೆ ಚಿಕ್ಕಮ್ಮನ ಜೊತೆ ನಕ್ಕಿದ್ದಕ್ಕೆ ಅಪ್ಪ ಅನ್ನ ಬಿಟ್ಟು ಎದ್ದರು. ಚಿಕ್ಕಪ್ಪನೂ ತಮ್ಮ ಹೆಂಡತಿಗೆ ಏನು ಹೇಳಿದರೋ, ಮಾರನೆಯ ದಿನದಿಂದ ಒಬ್ಬರು ಮುದ್ದೆ ತಿರುವುವಾಗ ಇನ್ನೊಬ್ಬರು ಹಿತ್ತಿಲಲ್ಲಿ ಇರುತ್ತಿದ್ದರು. ಒಂದೇ ಒಲೆ, ಒಂದೇ ಸಾರು, ಆದರೆ ತಟ್ಟೆ ಇಡುವ ಸದ್ದಿಗೂ ನಾವು ಮಕ್ಕಳು ಬೆಚ್ಚುತ್ತಿದ್ದೆವು.

ಪ್ರತಿ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಅಜ್ಜಿ ಏಣಿ ಹತ್ತಿ, ಒಲೆಯ ನೇರಕ್ಕೆ ಇದ್ದ ಕಾಯಿಗಳಲ್ಲಿ ಒಂದನ್ನು ತೆಗೆದು ಅಲ್ಲಾಡಿಸುತ್ತಿದ್ದರು. ಅದು ನಮ್ಮ ಮನೆಯ ಹಿರಿಯ ಹೆಂಗಸಿನ ಕೆಲಸ, ಮುಂಚಿನಿಂದಲೂ. ಆ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಜಗಲಿಯಲ್ಲಿ ಏನೋ ಕೆಲಸ, ಚಿಕ್ಕಪ್ಪನಿಗೆ ಅಂಗಳದಲ್ಲಿ ಏನೋ ಕೆಲಸ. ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿರುತ್ತಿತ್ತು. ಕುಳುಕುಳು ಎಂದರೆ ಎಲ್ಲರೂ ಉಸಿರು ಬಿಟ್ಟು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಮೂಕ ತಿಂಗಳುಗಳು ಬಂದಾಗ ಅಜ್ಜಿ ಬಹಳ ಹೊತ್ತು ಕಿವಿಗೊಟ್ಟು ನಿಲ್ಲುತ್ತಿದ್ದರು. ನನಗೆ ರಾತ್ರಿ ಇಲಿ ಓಡಾಡಿ ಕಾಯಿ ಉರುಳಿದರೂ ಭಯ. ಕೊನೆಗೊಂದು ಬೆಳಿಗ್ಗೆ ಆ ಸದ್ದು ಬಂದೇ ಬಂತು. ಅಜ್ಜಿ ಮೆಲ್ಲಗೆ ಅಲ್ಲಾಡಿಸಿದರೂ ಗಡಗಡ ಎಂದಿದ್ದು ಅಂಗಳದವರೆಗೂ ಕೇಳಿಸಿತು. ಅಜ್ಜಿ ಕಾಯಿಯನ್ನು ಇದ್ದ ಜಾಗದಲ್ಲೇ ಇಟ್ಟು, ನಿಧಾನವಾಗಿ ಇಳಿದು, ಸೆರಗಿನಲ್ಲಿ ಕೈ ಒರೆಸಿಕೊಂಡು ಹೇಳಿದರು:

"ಇನ್ನೂ ನೀರೈತೆ."

ನಾನು ಅಪ್ಪನ ಮುಖ ನೋಡಿದೆ. ಕೊಬ್ಬರಿಯ ಜೊತೆಗೇ ಹುಟ್ಟಿ ಬೆಳೆದ ಮನುಷ್ಯ, ತಲೆ ತಗ್ಗಿಸಿ ಕುಡುಗೋಲು ಮಸೆಯುತ್ತಿದ್ದರು. ಚಿಕ್ಕಪ್ಪ ದನದ ಹಗ್ಗ ಬಿಚ್ಚಿದ್ದನ್ನೇ ಮತ್ತೆ ಕಟ್ಟಿ, ಹೂಂ ಎಂದು ಹೊರಟುಹೋದರು. ಮುಂದಿನ ಅಮಾವಾಸ್ಯೆಗೂ ಹಾಗೇ ಆಯಿತು. ಏಣಿ ಅಲ್ಲೇ ಇತ್ತು, ಯಾರು ಬೇಕಾದರೂ ಹತ್ತಿ ಇನ್ನೊಂದು ಕಾಯಿ ಅಲ್ಲಾಡಿಸಬಹುದಿತ್ತು. ಪಾಲು ಬೇಕೆಂದು ಹಟ ಹಿಡಿದ ಇಬ್ಬರಲ್ಲಿ ಒಬ್ಬರೂ ಹತ್ತಲಿಲ್ಲ. ಊರಿನ ಎಲ್ಲಾ ಅಟ್ಟಗಳ ಕಾಯಿ ಇಳಿದರೂ ನಮ್ಮ ಮನೆಯದು ಮಾತ್ರ ನೀರು ತುಂಬಿಕೊಂಡು ಕೂತಿತ್ತು!

ಆ ದಿನಗಳಲ್ಲಿ ನಾನು ಸುಖಪಟ್ಟ ಜಾಗವೊಂದಿತ್ತು, ಅದು ಕೊಟ್ಟಿಗೆ. ಮಧ್ಯಾಹ್ನ ಊಟವಾದ ಮೇಲೆ ಗಂಡಸರು ತೋಟಕ್ಕೆ ಹೋಗಿ, ಅಜ್ಜಿ ನಡುಮನೆಯ ಕಂಬಕ್ಕೆ ಒರಗಿ ತೂಕಡಿಸಲು ಶುರುಮಾಡಿದರೆ, ಚಿಕ್ಕಮ್ಮ ಸಗಣಿ ಬಾಚುವ ನೆಪ ಹೇಳಿ ಕೊಟ್ಟಿಗೆಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಹುಲ್ಲಿನ ನೆಪದಲ್ಲಿ ಹೋಗುತ್ತಿದ್ದರು. ಒಳಮೂಲೆಯಲ್ಲಿ ಮೂರು ಕಲ್ಲು, ಅದರ ನಡುವೆ ತೆಂಗಿನ ಚಿಪ್ಪಿನ ಬೆಂಕಿ, ಮೇಲೆ ಒಂದು ಸೊಟ್ಟ ಪಾತ್ರೆ. ಮನೆಯ ಕಾಫಿಪುಡಿಯ ಡಬ್ಬ ಅಜ್ಜಿಯ ವಶದಲ್ಲಿ ಇರುತ್ತಿದ್ದರಿಂದ ಚಿಕ್ಕಮ್ಮ ಚಿಕ್ಕನಾಯಕನಹಳ್ಳಿಯ ತವರಿಂದ ಪುಡಿ ಕಟ್ಟಿಸಿಕೊಂಡು ಬಂದು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಕದ್ದು ಕರೆದ ನೊರೆಹಾಲು, ಒಂದು ಅಚ್ಚು ಬೆಲ್ಲ. ನನಗೆ ನುಣ್ಣಗೆ ಹೆರೆದ ಚಿಪ್ಪಿನಲ್ಲಿ ಸುರಿದು ಕೊಡುತ್ತಿದ್ದರು, ಕಾಫಿಗೆ ಚಿಪ್ಪಿನ ವಾಸನೆಯೂ ಸೇರಿ ಬಿಸಿ ಬಿಸಿ ಇಳಿಯುತ್ತಿತ್ತು. ಹಸು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿತ್ತು. ಅಮ್ಮ ಚಿಕ್ಕಮ್ಮನ ತಲೆಯನ್ನು ತೊಡೆಗೆ ಒರಗಿಸಿಕೊಂಡು ಹೇನು ನೋಡುತ್ತಿದ್ದರು. ಮನೆಯೊಳಗೆ ಒಂದು ಮಾತೂ ಆಡದ ಇಬ್ಬರು ಅಲ್ಲಿ ಪಿಸುಗುಟ್ಟಿಕೊಂಡು ನಗುತ್ತಿದ್ದರು, ಗಂಡಂದಿರ ನಡಿಗೆ ಅನುಕರಿಸಿ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದರು. ಹೊರಗೆ ಒಣಗರಿ ಬಿದ್ದ ಸದ್ದಾದರೂ ಮೂವರೂ ಕಲ್ಲಾಗಿಬಿಡುತ್ತಿದ್ದೆವು. ಅಷ್ಟು ರುಚಿಯಾದ ಕಾಫಿ ನಾನು ಮತ್ತೆಲ್ಲೂ ಕುಡಿದಿಲ್ಲ. ಹೆದರಿಕೆಗೂ ಒಂದು ರುಚಿ ಇರುತ್ತದೆಂದು ಕಾಣುತ್ತದೆ. ಒಂದು ಮಧ್ಯಾಹ್ನ ಚಿಕ್ಕಮ್ಮ ಬೆಂಕಿ ಕೆದಕುತ್ತಾ, ಇವರು ಬೇರೆ ಹೋದ್ರೂ ನಾನು ಈ ಕಲ್ಲು ಕೀಳಲ್ಲ ಅಕ್ಕಾ ಎಂದರು. ಅಮ್ಮ, ಹೋಗೋದಿಲ್ಲ ಬುಡು, ನೋಡ್ತಾ ಇರು, ಅವರವರೇ ಸೋತ್ಕಂಡು ಮಾತಾಡ್ತಾರೆ ಎಂದರು. ನನಗೂ ಹಾಗೇ ಅನ್ನಿಸಿತ್ತು. ಅದರ ಹಿಂದಿನ ದಿನವೇ ಅಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೆ ಎಳೆಗರುವನ್ನು ಹಿಡಿದುಕೊಂಡು, ಅದಕ್ಕೆ ಔಷಧಿ ಕುಡಿಸಿದ್ದರು. ಮಾತಿರಲಿಲ್ಲ, ಆದರೆ ಒಬ್ಬರ ಕೈ ಇನ್ನೊಬ್ಬರ ಕೈಗೆ ತಗುಲಿತ್ತು.

ಅದಾದ ಒಂದೆರಡು ದಿನಕ್ಕೆ, ಅಮಾವಾಸ್ಯೆ ಇನ್ನೂ ದೂರವಿರುವಾಗಲೇ, ಅಜ್ಜಿ ಬೆಳಿಗ್ಗೆ ಏಣಿ ಹತ್ತಿದರು. ಕಾಯಿ ತೆಗೆದು ಜೋರಾಗಿ ಅಲ್ಲಾಡಿಸಿದರು, ಎಲ್ಲರಿಗೂ ಕೇಳಲಿ ಎನ್ನುವಂತೆ. "ಒಣಗೈತೆ. ಇಳಿಸ್ರಪ್ಪಾ," ಎಂದರು. ಅಪ್ಪ ಜಗಲಿಯಿಂದ ಎದ್ದು ಬಂದು, ಇನ್ನೊಂದು ತಿಂಗಳು ಇರಲಿ ಬುಡವ್ವ ಎಂದರು. ಚಿಕ್ಕಪ್ಪನೂ ಬಾಗಿಲಲ್ಲಿ ನಿಂತು, ಒಳಗಡೆ ಮೂಲೆಯವು ಹಸಿ ಇರ್ತಾವೆ ಎಂದರು. ಅಷ್ಟು ತಿಂಗಳಲ್ಲಿ ಇಬ್ಬರ ಮಾತು ಒಂದೇ ಆಗಿದ್ದು ಅದೊಂದು ಸಲ. ಅಜ್ಜಿ ಮಾತ್ರ ಜಗ್ಗಲಿಲ್ಲ. ಒಂದು ವಾರದಲ್ಲಿ ಅಟ್ಟ ಖಾಲಿಯಾಯಿತು. ಸುಲಿಯುವವರು ಬಂದು ಅಂಗಳದ ತುಂಬ ಸಿಪ್ಪೆ ರಾಶಿ ಹಾಕಿ, ಚಿಪ್ಪು ಬಿಡಿಸಿ ಕೊಬ್ಬರಿ ತೆಗೆದರು. ಹಿರಿಯರು ಮತ್ತೆ ಜಗಲಿಗೆ ಬಂದರು. ನಡುಮನೆಯ ಮಧ್ಯೆ ಗೋಡೆ ಎದ್ದಿತು, ಕೊಟ್ಟಿಗೆ ಚಿಕ್ಕಪ್ಪನ ಪಾಲಿಗೆ ಹೋಯಿತು. ಬೇಲಿಯ ಆಚೆ ಕೊಟ್ಟಿಗೆ ಕಾಣಿಸುತ್ತಿತ್ತು, ಅಮ್ಮ ಆ ಕಡೆ ಹೋಗುವಂತಿರಲಿಲ್ಲ. ಬರಿದಾದ ಅಟ್ಟದ ಕೆಳಗೆ ಮಲಗಿದರೆ ಹಂಚಿನ ಸಂದಿನಿಂದ ಬೆಳಕು ಬೀಳುತ್ತಿತ್ತು. ಅಷ್ಟು ದಿನ ಆ ಕಾಯಿಗಳು ನಮ್ಮ ಮೇಲೆ ಹೊದಿಕೆಯ ಹಾಗೆ ಇದ್ದವು ಎಂದು ನನಗೆ ಆಗ ಗೊತ್ತಾಯಿತು.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ನಾನು ಮದುವೆಯಾಗಿ ತಿಪಟೂರಿಗೆ ಬಂದ ನಂತರ, ಅಜ್ಜಿ ಕಣ್ಣಿನ ಆಪರೇಷನ್ನಿಗೆಂದು ನಮ್ಮ ಮನೆಯಲ್ಲಿ ಬಂದು ಉಳಿದಿದ್ದರು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಚಿಕ್ಕಪ್ಪ ಹೆಣದ ಕಾಲ ಬಳಿ ಕೂತು ಸಣ್ಣ ಹುಡುಗನ ಹಾಗೆ ಅತ್ತಿದ್ದರು, ಆಗಲೂ ಕೇಳಿಸಿಕೊಳ್ಳಬೇಕಾದವರಿಗೆ ಕೇಳಿಸಲಿಲ್ಲ. ಒಂದು ಮಧ್ಯಾಹ್ನ ಅಜ್ಜಿಯ ಕಣ್ಣಿಗೆ ಔಷಧಿ ಬಿಟ್ಟು, ಕಾಫಿ ಕೊಟ್ಟು ಪಕ್ಕದಲ್ಲಿ ಕೂತೆ. ನನಗೆ ಬಹಳ ಕಾಲದಿಂದ ಕೇಳಬೇಕೆಂದಿತ್ತು. ಅಷ್ಟು ತಿಂಗಳು ನೀರಿದೆ ಎಂದವರು ಒಂದೇ ಸಲ ಯಾಕೆ ಒಣಗಿದೆ ಎಂದರು ಎಂದು ಕೇಳಿದೆ. ಅಜ್ಜಿ ಹಸಿರು ಪಟ್ಟಿ ಕಟ್ಟಿದ ಕಣ್ಣನ್ನು ನನ್ನ ಕಡೆ ತಿರುಗಿಸಿದರು.

"ಅವತ್ತು ಮಧ್ಯಾಹ್ನ ನಿದ್ದೆ ಹತ್ತಲಿಲ್ಲ, ಹಿತ್ಲಿಗೆ ಹೋದೆ ಮಗ. ಕೊಟ್ಟಿಗೆ ಹಂಚಿನ ಸಂದಿಲಿ ಹೊಗೆ. ಬಗ್ಗಿ ನೋಡಿದ್ರೆ ನಿಮ್ಮ ಚಿಕ್ಕಮ್ಮ ಮೂರು ಕಲ್ಲು ಹೂಡ್ಕಂಡು ಪಾತ್ರೆ ಇಟ್ಟವ್ಳೆ. ಬೇರೆ ಒಲೆ ಹಚ್ಚೇಬುಟ್ರಲ್ಲಾ, ಇನ್ನು ನಾನು ಯಾರಿಗೆ ಅಂತ ಸುಳ್ಳು ಹೇಳ್ಲಿ ಅನ್ನಿಸ್ತು. ಕದ್ದು ಹಚ್ಕಳೋದ್ಯಾಕೆ, ಎದುರಿಗೇ ಹಚ್ಕಳ್ಲಿ ಅಂತ ಬಂದ್ಬುಟ್ಟೆ."

ನನ್ನ ಲೋಟ ಕೆಳಗಿಟ್ಟೆ. ಅಮ್ಮ ಆ ಹೊತ್ತಿಗೆ ಮೆದೆಯ ಹಿಂದೆ ಪುಡಿ ತೆಗೆಯಲು ಹೋಗಿದ್ದಿರಬೇಕು, ನಾನು ಬಾಗಿಲ ಮರೆಯಲ್ಲಿ ಕರುವಿನ ಪಕ್ಕ ಇದ್ದಿರಬೇಕು. ಅಜ್ಜಿ ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದರೆ ಇಬ್ಬರ ನಗುವೂ ಕೇಳಿಸುತ್ತಿತ್ತು. ಹೇಳಬೇಕೋ ಬೇಡವೋ ಎಂದು ಒದ್ದಾಡಿದೆ. ಮುದುಕಿಯ ಎದೆ ಒಡೆಯಬಹುದು ಎಂದು ಭಯವಾಯಿತು. ಆದರೆ ಒಬ್ಬ ಸೊಸೆಯ ಮೇಲೆ ಇಷ್ಟು ವರ್ಷ ಹೊತ್ತ ಅನುಮಾನವನ್ನು ಅವರು ಹಾಗೇ ಹೊತ್ತುಕೊಂಡು ಹೋಗುವುದೂ ಸರಿಯಲ್ಲ ಅನ್ನಿಸಿತು. ಹೇಳಿದೆ. ಅದು ಬೇರೆ ಒಲೆಯಲ್ಲ, ಅಲ್ಲಿ ಅಮ್ಮನೂ ಇದ್ದರು, ದಿನವೂ ಇರುತ್ತಿದ್ದರು, ಇಬ್ಬರೂ ಸೇರಿ ಕಾಫಿ ಕಾಯಿಸಿಕೊಂಡು ಕುಡಿಯುತ್ತಿದ್ದರು ಎಂದು.

ಅಜ್ಜಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಬೀದಿಯಲ್ಲಿ ಒಂದು ಆಟೋ ಹೋಯಿತು. ಆಮೇಲೆ ಕೇಳಿದರು:

"ಬೆಲ್ಲದ್ದಾ?"

ಹೂಂ ಎಂದೆ.

"ನನ್ಗೂ ಒಂದ್ಲೋಟ ಕೊಡ್ಬೌದಿತ್ತು ಕಣೇ. ಬೈತಿರಲಿಲ್ಲ ನಾನು."

ಅಷ್ಟೇ ಅಂದಿದ್ದು. ಪಟ್ಟಿಯ ಕೆಳಗಿನಿಂದ ನೀರು ಇಳಿಯಿತು, ಕಣ್ಣಿಗೆ ಬಿಟ್ಟ ಔಷಧಿಯೆಂದು ನಾನೇ ಒರೆಸಿದೆ. ಊರಿಗೆ ಹೋದ ಮೇಲೆ ಅಜ್ಜಿ ಬೇಲಿ ದಾಟಿ ಚಿಕ್ಕಮ್ಮನ ಕೊಟ್ಟಿಗೆಗೆ ಹೋಗಿ ಕೂತು ಕಾಫಿ ಕೇಳಿದರಂತೆ. ಚಿಕ್ಕಮ್ಮ ಹೇಳಿದರು, ಮೂರು ಕಲ್ಲು ಇನ್ನೂ ಅಲ್ಲೇ ಇದ್ದವಂತೆ. ಅಮ್ಮನನ್ನೂ ಕರೆದು ಮೂವರೂ ಕುಡಿದರಂತೆ. ಆ ಕಾಫಿಗೆ ನಾನು ಇರಲಿಲ್ಲ. ಅಜ್ಜಿ ಹೆಚ್ಚು ದಿನ ಉಳಿಯಲೂ ಇಲ್ಲ. ಈಗ ಆ ಗೋಡೆಯ ಎರಡೂ ಕಡೆ ಹೊಸ ಮನೆಗಳು, ಎರಡಕ್ಕೂ ಗ್ಯಾಸಿನ ಒಲೆ. ಕಾಯಿ ಒಣಗಿಸಲು ತೋಟದಲ್ಲಿ ಬೇರೆ ಶೆಡ್ಡು ಹಾಕಿಕೊಂಡಿದ್ದಾರೆ. ಊಟಕ್ಕೆ ಕೂತವರ ತಲೆಯ ಮೇಲೆ ಈಗ ಸೀಲಿಂಗು, ಫ್ಯಾನು. ಒಳ್ಳೆಯದೇ, ಹೊಗೆಯಿಲ್ಲ. ಆದರೂ ಆ ಮನೆಗೆ ಹೋದರೆ ನನ್ನ ಮೂಗು ಏನನ್ನೋ ಹುಡುಕಿ ಸುಮ್ಮನಾಗುತ್ತದೆ.

ಸ್ಟೂಲಿನ ಮೇಲೆ ನಿಂತವಳು ಇನ್ನೊಮ್ಮೆ ಕಾಯಿ ಅಲ್ಲಾಡಿಸಿದೆ. ಹಾಲಿನಲ್ಲಿ ಪೇಪರು ಓದುತ್ತಿದ್ದ ನನ್ನ ಯಜಮಾನರಿಗೂ ಕೇಳಿಸಿತು. ಕೊಬ್ಬರಿ ಆಗಿದೆಯೇನೇ, ಹಾಗಿದ್ರೆ ಒಡಿ, ಬೆಲ್ಲದ ಜೊತೆ ತಿನ್ನೋಣ ಎಂದರು. ಅವರೂ ಈ ಸೀಮೆಯವರೇ, ಕಿವಿ ಸುಳ್ಳು ಹೇಳುವುದಿಲ್ಲ. ಕಾಯಿಯನ್ನು ಪಾತ್ರೆಗಳ ಹಿಂದೆ, ಇದ್ದ ಜಾಗದಲ್ಲೇ ಇಟ್ಟು ಇಳಿದೆ. ಸೆರಗಿನಲ್ಲಿ ಕೈ ಒರೆಸಿಕೊಂಡೆ.

"ಇಲ್ಲ ಕಣ್ರೀ," ಎಂದೆ. "ಇನ್ನೂ ನೀರೈತೆ."