ಸಿಟ್ಟು ಹೋಗಿಲ್ಲ, ಆದರೂ ಕೂತ್ಕೋ

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಮೈಕಮ್ಮ ಎಂದೇ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ತಪ್ಪಿಸಿಕೊಂಡು ವಿಚಾರಣೆ ಕೌಂಟರಿನಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದೆ ಎಂಬುದನ್ನೆಲ್ಲ ಗಾಜಿನ ಗೂಡಿನೊಳಗಿಂದ ಸಾರುವ ಕೆಲಸ ಅವಳದು. ಮನೆಯಲ್ಲಿ ಮಾತಿಗೆ ಕೂತರೆ ಅರಳು ಹುರಿದಂತೆ ಮಾತಾಡುವಳು. ಆದರೆ ಕೈಗೊಂದು ಕಾಗದ ಕೊಟ್ಟರೆ ಮುಗಿಯಿತು. ಗಂಟಲೊಳಗೆ ಯಾರೋ ಗುಂಡಿ ಒತ್ತಿದ ಹಾಗೆ ಅದೇ ನಿಲ್ದಾಣದ ರಾಗ ಹೊರಡುತ್ತಿತ್ತು.

ಅಂಥವಳಿಗೆ ಸಿನಿಮಾದ ಆಡಿಷನ್ನಿಗೆ ಕರೆ ಬಂತು. ಹೊಸ ಮುಖ ಬೇಕೆಂಬ ಜಾಹೀರಾತು ನೋಡಿ, ಸೊಸೆಯನ್ನು ಒಂದು ಮಾತೂ ಕೇಳದೆ ಫೋಟೋ ಕಳಿಸಿದವರು ಅತ್ತೆ. ಹೇಳಬೇಕಾದ ಸಾಲುಗಳೂ ಫೋನಿಗೆ ಬಂದವು. ವರ್ಷಗಟ್ಟಲೆ ಮುನಿಸಿಕೊಂಡು ದೂರವಿದ್ದ ಅಕ್ಕ ಬಾಗಿಲಿಗೆ ಬಂದು "ನಾನು ಬರಬಾರದಿತ್ತು" ಎನ್ನುತ್ತಾಳೆ. ತಂಗಿ ಹೇಳಬೇಕು: "ಬಂದದ್ದಂತೂ ಬಂದೆ. ನಿಂತೇ ಇರಬೇಡ. ನಿನ್ನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ. ಆದರೂ ಕೂತ್ಕೋ."

ಮೈಕಮ್ಮ ಅದನ್ನು ಕಾಗದಕ್ಕಿಳಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಗಂಡನೆದುರು ಓದಿದಳು. ಕನ್ನಡಕದಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಗಂಡ ಪೂರ್ತಿ ಕೇಳಿ, "ಅಕ್ಕ ಯಾವ ಪ್ಲಾಟ್‌ಫಾರ್ಮಿಗೆ ಬಂದ್ಲು? ಅದನ್ನೂ ಹೇಳಿಬಿಡು" ಎಂದ.

ರೋಷಕ್ಕೆ ಕನ್ನಡಿಯೆದುರು ನಿಂತಳು. ಪಿಸುಗುಟ್ಟಿ ನೋಡಿದಳು, ಬಿಕ್ಕಿ ನೋಡಿದಳು. ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಾಗ ಅಡುಗೆಮನೆಯಿಂದ ಇಣುಕಿದ ಅತ್ತೆ, "ಯಾಕೇ, ಎದೆ ಉರೀತಿದ್ಯಾ? ಊಟ ಆದ ತಕ್ಷಣ ಮಲಗಬೇಡ ಅಂತ ಬಡ್ಕೊಂಡೆ" ಎಂದು ನೀರು ತಂದುಕೊಟ್ಟರು.

ಆಡಿಷನ್ನಿನ ಹಿಂದಿನ ದಿನ ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮಹಡಿಯ ಮೇಲೆ ಒಣಗಿದ ಹೊದಿಕೆ ಮಡಚುತ್ತಿದ್ದರು. ಗಾಳಿ ಜೋರಾಗಿತ್ತು. ಮೂಲೆಗೆ ಮೂಲೆ ಸೇರಿಸುವಷ್ಟರಲ್ಲಿ ಹೊದಿಕೆ ಹಾಯಿಯಂತೆ ಉಬ್ಬಿ ಕೈ ಜಾರುತ್ತಿತ್ತು. ತನ್ನ ತುದಿಯನ್ನು ಜಗ್ಗುತ್ತಲೇ ಮೈಕಮ್ಮ, ಬಾಯಿಗೆ ಬಂದದ್ದನ್ನು ಗೊಣಗುವವಳಂತೆ, "ನಿನ್ನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ" ಎಂದಳು.

ಅತ್ತೆಯ ಕೈಯಿಂದ ಹೊದಿಕೆ ಜಾರಿತು.

"ನಿನ್ನ ಆ ಹಳದಿ ಶಾಲಿನ ವಿಷಯ ತಾನೇ? ಇಸ್ತ್ರಿಪೆಟ್ಟಿಗೆ ಇಟ್ಟು ಮರೆತೇಬಿಟ್ಟೆ ಕಣೇ. ಸುಟ್ಟ ಜಾಗ ಒಳಗೆ ಬರೋ ಹಾಗೆ ಮಡಚಿಟ್ಟಿದ್ದೆ. ನಿನಗೆ ಹೇಗೆ ಗೊತ್ತಾಯ್ತು?"

"ಯಾವ ಶಾಲು ಅತ್ತೆ? ನಾನು ಡೈಲಾಗ್ ಹೇಳಿದ್ದು!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವರು ಯಾರೋ, ಹೊದಿಕೆ ಬಂದು ಇಬ್ಬರ ತಲೆಯ ಮೇಲೂ ಕೂತಿತು. ಅದರೊಳಗೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಾಲು ಹೋದರೆ ಹೋಯಿತು, ನಿಲ್ದಾಣದ ರಾಗ ಬಿಟ್ಟು ಮಾತು ಮಾತಾಗಿತ್ತಲ್ಲ! ಕೈ ಹೊದಿಕೆಯಲ್ಲಿತ್ತು, ಕಣ್ಣು ಅತ್ತೆಯ ಮೇಲಿತ್ತು, ಕಾಗದದ ನೆನಪೇ ಇರಲಿಲ್ಲ. ಅಷ್ಟೇ ನಡೆದದ್ದು.

ಗಂಡನ ಮೇಲೂ ಪ್ರಯೋಗಿಸಬೇಕಲ್ಲ. ಸಂಜೆ ತಟ್ಟೆ ಒರೆಸುತ್ತ, ಅವನ ಕಡೆ ತಿರುಗಿ, ಅದೇ ಸಾಲು ಬಿಟ್ಟಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನೂ ಹಾಗೇ.

"ಸರಿ, ಒಪ್ಕೋತೀನಿ ಮಾರಾಯ್ತಿ. ಹೂದಾನಿ ಒಡೆದದ್ದು ಬೆಕ್ಕಲ್ಲ, ನಾನು."

"ಅಯ್ಯೋ ರೀ! ಆ ಬೆಕ್ಕಿಗೆ ಎಷ್ಟು ಬೈದಿದ್ದೀನಿ!"

ಮರುದಿನ ಆಡಿಷನ್ನು ನಡೆದದ್ದು ಪೀಠೋಪಕರಣದ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಮೈಕಮ್ಮ ಹಾರುತ್ತಲೇ ಮೆಟ್ಟಿಲು ಹತ್ತಿದಳು. ಆದರೆ ಎದುರಿಗೆ ಉದ್ದ ಕತ್ತಿನ ಮೈಕು! ಕೈ ತಾನಾಗಿ ಇಲ್ಲದ ಗುಂಡಿ ಹುಡುಕಿತು, ಬಾಯಿ ತಾನಾಗಿ ತೆರೆಯಿತು: "ಪ್ರಯಾಣಿಕರ ಗಮನಕ್ಕೆ..."

ನಿರ್ದೇಶಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳಿಗೂ ತಡೆಯಲಾಗಲಿಲ್ಲ. ನಗು ಒಂದಿಷ್ಟು ಇಳಿದ ಮೇಲೆ ಕೇಳಿದಳು, "ಸರ್, ಒಂದು ಹೊದಿಕೆ ಸಿಗುತ್ತಾ?"

ಹೊದಿಕೆ ಇರಲಿಲ್ಲ, ಕಿಟಕಿಯ ಕಪ್ಪು ಪರದೆ ಬಿಚ್ಚಿ ಕೊಟ್ಟರು. ಅಕ್ಕನ ಮಾತು ಓದಲು ನಿಂತಿದ್ದ ಸಹಾಯಕಿಯ ಕೈಗೆ ಮೈಕಮ್ಮ ಅದರ ಒಂದು ತುದಿ ತುರುಕಿದಳು.

"ನಾನು ಬರಬಾರದಿತ್ತು" ಎಂದಳು ಸಹಾಯಕಿ, ತುದಿ ಹಿಡಿದುಕೊಂಡು.

"ಬಂದದ್ದಂತೂ ಬಂದೆ. ನಿಂತೇ ಇರಬೇಡ." ಮೈಕಮ್ಮ ಪರದೆಯ ಧೂಳು ಕೊಡವಿದಳು. "ನಿನ್ನ ಮೇಲಿನ ಸಿಟ್ಟು ನನಗಿನ್ನೂ ಹೋಗಿಲ್ಲ." ಮೂಲೆಗೆ ಮೂಲೆ ಸೇರಿಸಲು ಹತ್ತಿರ ಬಂದಾಗ ಆ ಹುಡುಗಿಯ ಕಣ್ಣು ಸಿಕ್ಕಿತು. ದನಿ ತಾನಾಗಿ ಇಳಿಯಿತು. "ಆದರೂ ಕೂತ್ಕೋ."

ಸಹಾಯಕಿ ಪಕ್ಕದ ಕುರ್ಚಿಯಲ್ಲಿ ಕೂತೇಬಿಟ್ಟಳು.

"ಯಾಕೆ ಕೂತೆ? ಅಕ್ಕ ಕೂರೋದಿಲ್ಲ, ವಾಪಸ್ ಹೋಗ್ತಾಳೆ" ಎಂದರು ನಿರ್ದೇಶಕರು.

"ಇವರು ಕೂತ್ಕೋ ಅಂದ್ರಲ್ಲ ಸರ್!"

ನಿರ್ದೇಶಕರು ಕಾಗದದ ಮೇಲೆ ಒಂದು ಸಾಲು ಹೊಡೆದುಹಾಕಿದರು. ಆಮೇಲೆ, "ಹಾಗಾದ್ರೆ ಕೂರ್ಲಿ ಬಿಡಿ. ತಂಗಿ ಇವರೇ" ಎಂದರು.

ಆ ಸಂಜೆ ಮನೆಯ ಮೂವರೂ ಐಸ್‌ಕ್ರೀಮ್ ಅಂಗಡಿಗೆ ಹೋದರು. ಅತ್ತೆಗೆ ಹೊಟ್ಟೆಯಲ್ಲಿ ಮಾತು ನಿಲ್ಲಬೇಕಲ್ಲ; ಅಂಗಡಿಯವನನ್ನು ಕರೆದು, "ನಮ್ಮ ಸೊಸೆ ಸಿನಿಮಾದಲ್ಲಿದ್ದಾಳೆ" ಎಂದರು.

"ಹೌದಾ! ಏನು ಮಾಡ್ತಾರೆ?"

"ಅಕ್ಕನಿಗೆ ಕೂತ್ಕೋ ಅಂತಾಳೆ."

"ಅಷ್ಟೇನಾ?"

"ಅಷ್ಟೇನಾ ಅಂದ್ರೆ? ನೀನು ಹೇಳು ನೋಡೋಣ!"

ಅವನು ಎದೆಯುಬ್ಬಿಸಿ ಹೇಳಿದ. ಪೊಲೀಸನು ಗದರಿಸಿದ ಹಾಗಿತ್ತು. ಪಕ್ಕದ ಬೆಂಚಿನ ಮುದುಕರೊಬ್ಬರು ತಾವೂ ಒಂದು ಕೈ ನೋಡಿದರು. ಅದು ಹಲ್ಲಿನ ಡಾಕ್ಟರು ಕರೆದಂತಾಯಿತು. ಅವರ ಹೆಂಡತಿ "ನೀವು ಸುಮ್ಮನಿರಿ" ಎಂದು ತಾವೇ ಹೇಳತೊಡಗಿದರು. ಅಂಗಡಿಗೆ ಅಂಗಡಿಯೇ ಕೂತ್ಕೋ ಕೂತ್ಕೋ ಎನ್ನುತ್ತಿತ್ತು. ಬಾಗಿಲಲ್ಲಿ ಆಗಷ್ಟೇ ಕಾಲಿಟ್ಟ ಗಿರಾಕಿಯೊಬ್ಬ ಬೆದರಿ, ಸಿಕ್ಕ ಸ್ಟೂಲಿನ ಮೇಲೆ ಕುಕ್ಕರಿಸಿದ. ಮೈಕಮ್ಮ ನಕ್ಕು ನಕ್ಕು, ಚಮಚ ಎಲ್ಲಿ ಬಿತ್ತೆಂದು ಹುಡುಕಲೂ ಆಗದೆ, ಗಂಡನ ಭುಜಕ್ಕೆ ಹಣೆಯೊತ್ತಿದಳು.