ಎದೆಯವರೆಗಷ್ಟೇ ಇದ್ದ ಚಿತ್ರ

ಶಕುನ, ದೆವ್ವ, ಮುಂದಾಗುವುದು ಮೊದಲೇ ಕಾಣುವುದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಅವರ ಎದುರೇ ನಕ್ಕುಬಿಡುತ್ತಿದ್ದೆ. ನನ್ನ ಕೆಲಸವೇ ಅಂಥದ್ದು. ಸೌದಿಯ ದಮ್ಮಾಮ್‌ನಲ್ಲಿ ಮನೆ ಸಾಮಾನು ಕಟ್ಟಿ ಬೇರೆ ದೇಶಗಳಿಗೆ ಸಾಗಿಸುವ ಒಂದು ಕಂಪನಿಯಲ್ಲಿ ನಾನು ಲಿಸ್ಟ್ ಬರೆಯುವವನು. ಸಾಮಾನು ಪೆಟ್ಟಿಗೆಗೆ ಹೋಗುವ ಮೊದಲು ಅದಕ್ಕೆ ಎಲ್ಲೆಲ್ಲಿ ಹಳೆಯ ಪೆಟ್ಟಾಗಿದೆ ಎಂದು ನೋಡಿ ಬರೆದು, ಮನೆಯವರ ಸಹಿ ಹಾಕಿಸಿಕೊಳ್ಳಬೇಕು. ಮೇಜಿನ ಕಾಲು ಸೀಳಿದೆ, ಕನ್ನಡಿಯ ಮೂಲೆ ಒಡೆದಿದೆ, ಹೀಗೆ. ನಾಳೆ ಯಾರೂ ನಮ್ಮ ಕುತ್ತಿಗೆಗೆ ಬರಬಾರದಲ್ಲ. ಕಣ್ಣಿಗೆ ಕಂಡದ್ದು ಬಿಟ್ಟು ಒಂದಕ್ಷರ ಹೆಚ್ಚು ಬರೆದವನಲ್ಲ ಎಂಬ ಜಂಬ ನನಗಿತ್ತು. ಆ ಜಂಬ ಇಳಿದು ಏಳು ವರ್ಷವಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು.

ನನಗೆ ಈ ಕೆಲಸ ಕಲಿಸಿದವನು ರೋಡೆಲ್. ಫಿಲಿಪ್ಪೀನ್ಸ್‌ನವನು, ನಮ್ಮ ಫೋರ್‌ಮನ್, ನನಗಿಂತ ಹದಿನೈದು ವರ್ಷ ದೊಡ್ಡವನು. ಕುಂದಾಪುರದಿಂದ ಬಂದ ಹೊಸತರಲ್ಲಿ ನಾನು ಊಟ ಸೇರದೆ ಕೂತಿದ್ದರೆ ತನ್ನ ಡಬ್ಬಿಯ ಅನ್ನ, ಮೀನು ನನ್ನ ಕಡೆ ತಳ್ಳಿ ಆಚೆ ತಿರುಗಿ ಕೂರುತ್ತಿದ್ದ. ಈ ದೇಶದಲ್ಲಿ ನನಗೆ ಅಣ್ಣ ಎಂದು ಯಾರಾದರೂ ಇದ್ದರೆ ಅವನೇ.

ಆ ದಿನ ಬೆಳಿಗ್ಗೆ ನಾವು ಸಾಮಾನು ಕಟ್ಟಲು ಹೋದದ್ದು ಅವನ ದೇಶದ ಒಬ್ಬ ನರ್ಸಿನ ಮನೆಗೆ, ಅವರು ಕೆಲಸ ಮುಗಿಸಿ ಊರಿಗೆ ಮರಳುವವರಿದ್ದರು. ಅವರ ಮನೆಯ ಗೋಡೆಯಲ್ಲಿ ಒಂದು ಚಿತ್ರವಿತ್ತು. ನೂರು ವರ್ಷಕ್ಕೂ ಹಿಂದೆ ಅವರ ದೇಶದ ಒಬ್ಬ ದೊಡ್ಡ ಚಿತ್ರಕಾರ ಬರೆದ ಮುಖಚಿತ್ರದ ನಕಲು. ಡ್ರಾಯಿಂಗ್ ಮೇಷ್ಟರಾಗಿದ್ದ ಅವರ ತಂದೆ ಕೈಯಿಂದಲೇ ಬರೆದದ್ದಂತೆ. ಎದೆಯವರೆಗಷ್ಟೇ ಕಾಣುವ, ಗಡ್ಡ ಬಿಟ್ಟ ಗಟ್ಟಿಮುಟ್ಟು ಆಸಾಮಿ. ರೋಡೆಲ್ ಅದನ್ನು ಕಂಡದ್ದೇ ಕೆಲಸ ನಿಲ್ಲಿಸಿದ. ಆ ಚಿತ್ರಕಾರನದೇ ಇನ್ನೊಂದು ಚಿತ್ರವಿದೆಯಂತೆ, ಒಂದು ಇಡೀ ಗೋಡೆಯಷ್ಟು. ರೋಮ್‌ನಲ್ಲಿ ಜನರ ಮೋಜಿಗಾಗಿ ಕಾದಾಡಿ ಸತ್ತವರನ್ನು ಕತ್ತಲ ಕೋಣೆಗೆ ದರದರ ಎಳೆದು ತರುವ ದೃಶ್ಯ. ನೆಲವೆಲ್ಲ ರಕ್ತ, ಹೆಣದ ಮೈಮೇಲಿನ ಬಟ್ಟೆ ಕಿತ್ತುಕೊಳ್ಳಲು ಕಾದವರು. "ಆ ಎಳೆಸಿಕೊಳ್ಳುವ ಹೆಣಕ್ಕೆ ಇವನದೇ ಮುಖ. ಶಾಲೆಯಿಂದ ನೋಡಲು ಹೋಗಿದ್ದಾಗ ನಾನು ಅತ್ತುಬಿಟ್ಟಿದ್ದೆ" ಎಂದ, ನಮ್ಮ ನಡುವಿನ ಅರ್ಧ ಇಂಗ್ಲಿಷ್, ಅರ್ಧ ಅರಬಿಯಲ್ಲಿ.

ಅವನು ಚಿತ್ರವನ್ನು ತನ್ನ ಎದೆಗೆ ಆನಿಸಿ ನನ್ನ ಕಡೆ ಮುಖ ಮಾಡಿ ಹಿಡಿದ. ನಾನು ನೋಡಿ ಬರೆದೆ: ಎಡ ಹುಬ್ಬಿನಿಂದ ಕಿವಿಯವರೆಗೆ ಹರಿದಿದೆ, ಬಾಯಿಯ ಬಳಿ ಕಡುಕೆಂಪು ಕಲೆ. ಹರಿದ ಅಂಚನ್ನು ಬೆರಳಲ್ಲಿ ಮುಟ್ಟಿಯೂ ನೋಡಿದೆ, ತರಿತರಿಯಾಗಿತ್ತು. ನರ್ಸ್ ಫೋನಿನಲ್ಲಿದ್ದರು, ಓದದೆ ಸಹಿ ಹಾಕಿದರು. ಲಿಸ್ಟಿನಲ್ಲಿರುವ ಸಮಯ ಹತ್ತು ಇಪ್ಪತ್ತು.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಊರ ಹೊರಗಿನ ಗೋದಾಮಿನಲ್ಲಿ ಸಾಮಾನು ಇಳಿಸುತ್ತಿದ್ದೆವು. ತಗಡಿನ ಮಾಡಿನ ಕೆಳಗೆ ಬೆಂದುಹೋಗುವ ಸೆಕೆ. ನಮ್ಮ ಲಾರಿ ಡ್ರೈವರ್ ಅಂದು ಬೆಳಿಗ್ಗೆಯಿಂದ ಮೂರನೇ ಟ್ರಿಪ್ ಹೊಡೆದಿದ್ದ, ಕಣ್ಣು ಕೆಂಪಾಗಿತ್ತು. ಗಾಜಿನ ಸಾಮಾನಿನ ಪೆಟ್ಟಿಗೆಯನ್ನು ಎತ್ತಿ ಎಸೆದ. ರೋಡೆಲ್ ಎಲ್ಲರ ಎದುರು ಬೈದ. ಡ್ರೈವರ್ ಪೆಟ್ಟಿಗೆ ಬಿಚ್ಚುವ ಕಬ್ಬಿಣದ ಸರಳು ಕೈಗೆತ್ತಿಕೊಂಡ. ನಾನು ನೋಡಿದೆ. ಗೋದಾಮಿನಲ್ಲಿ ಅದನ್ನು ದಿನಕ್ಕೆ ನೂರು ಸಲ ಯಾರಾದರೂ ಎತ್ತುತ್ತಾರೆ. ನಾನು ಮತ್ತೆ ಲಿಸ್ಟಿಗೆ ತಲೆ ಬಗ್ಗಿಸಿದೆ.

ತೆಂಗಿನಕಾಯಿ ಒಡೆದಂಥ ಸದ್ದು. ತಲೆ ಎತ್ತುವಾಗ ರೋಡೆಲ್ ಮಂಡಿಯೂರಿದ್ದ, ಎಡ ಹುಬ್ಬು ಕಿವಿಯವರೆಗೆ ಬಾಯಿ ಬಿಟ್ಟಿತ್ತು. ಎರಡನೇ ಏಟು ಬಾಯಿಗೆ ಬಿತ್ತು. ಅಷ್ಟರಲ್ಲಿ ಲೋಡಿಂಗಿನವರೆಲ್ಲ ಡ್ರೈವರನ ಮೇಲೆ ಮುಗಿಬಿದ್ದರು. ಹಲಗೆ, ಬೆಲ್ಟು, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಅವನ ಹಲ್ಲು ಉದುರಿದ್ದು ಕಂಡೆ. ನಾನೂ ಒದ್ದೆ, ಎರಡು ಸಲ. ಸುಖವಾಯಿತು ಎಂದು ಬರೆಯಲು ನಾಚಿಕೆ, ಆದರೆ ಆಯಿತು. ಅವರೆಲ್ಲರ ಕಾಲಡಿಗೆ ರೋಡೆಲ್ ಸಿಕ್ಕಿಕೊಂಡಿದ್ದ.

"ಎಂತ ನೋಡುದು ಮಾರಾಯ? ಕೈ ಹಿಡಿ, ಎಳಿ!" ಎಂದು ಕಿರುಚಿದವನು ಪುತ್ತೂರಿನ ಹಮೀದ್, ನಮ್ಮ ಪ್ಯಾಕರ್. ಅವನು ಒಂದು ಕೈ, ನಾನು ಒಂದು ಕೈ ಹಿಡಿದು ಬಾಗಿಲವರೆಗೆ ಎಳೆದೆವು. ರೋಡೆಲನ ಚಪ್ಪಲಿ ಕಳಚಿತು. ತಲೆ ಹಿಂದಕ್ಕೆ ಜೋತು ಅತ್ತಿತ್ತ ಆಡುತ್ತಿತ್ತು. ಒರಟು ಸಿಮೆಂಟಿನ ಮೇಲೆ ಹಿಮ್ಮಡಿ ಉಜ್ಜಿ ಎರಡು ಕೆಂಪು ಗೆರೆ ಎಳೆದುಕೊಂಡೇ ಬಂದವು.

ಡ್ರೈವರನನ್ನು ಪೊಲೀಸರು ಕೊಂಡೊಯ್ದರು. ರೋಡೆಲನ ಎಡಗಣ್ಣು ಹೋಯಿತು. ಬೆನ್ನುಮೂಳೆಗೂ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಏಟಿನಿಂದಲೋ ತುಳಿತದಿಂದಲೋ ಎಳೆದದ್ದರಿಂದಲೋ ಹೇಳಲಾಗದು ಎಂದರು ಡಾಕ್ಟರು. ಹಮೀದ್ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ನಾಲ್ಕು ತಿಂಗಳ ನಂತರ ರೋಡೆಲನನ್ನು ಸ್ಟ್ರೆಚರಿನಲ್ಲೇ ಊರಿಗೆ ಕಳುಹಿಸಿದೆವು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಮ್ಯಾನೇಜರ್ ಕರೆದರು, ಮಂಗಳೂರಿನವರು. "ಇಲ್ಲದ ಪೆಟ್ಟು ಎಂತಕ್ಕೆ ಬರೆದದ್ದು ನೀನು? ಸಾಮಾನು ಬಿಚ್ಚಿ ಲಿಸ್ಟ್ ಓದಿ ಆ ನರ್ಸಮ್ಮ ಹೆದರಿದ್ದಾರೆ" ಎಂದು ಫೋನ್ ತೋರಿಸಿದರು. ನರ್ಸ್ ಕಳುಹಿಸಿದ ಫೋಟೊದಲ್ಲಿ ಚಿತ್ರ ಚೊಕ್ಕವಾಗಿತ್ತು. ಹರಕಿಲ್ಲ, ಕಲೆಯಿಲ್ಲ. ಎಂದೂ ಇರಲಿಲ್ಲವಂತೆ.

ನಾನು ಚಿತ್ರದ ಬದಲು ಅದರ ಮೇಲಿದ್ದ ರೋಡೆಲನ ಮುಖ ನೋಡಿ ಬರೆದೆನೇ? ಹಾಗಾದರೂ ಆಗ ಅವನಿಗೆ ಏನೂ ಆಗಿರಲಿಲ್ಲವಲ್ಲ. ಬೆಳಕಿನ ಆಟ ಎನ್ನೋಣವೆಂದರೆ ಬೆರಳಿಗೆ ತಾಗಿದ್ದೇನು? ಮ್ಯಾನೇಜರ್ ಹಳೆಯ ಲಿಸ್ಟ್ ತೆಗೆಸಿ ಮುಂದಿಟ್ಟರು. ನಾನು ನೆನಪಿಟ್ಟುಕೊಂಡಿದ್ದ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು. ಬರೆದ ನೆನಪೇ ಇಲ್ಲ, ಆದರೆ ಅಕ್ಷರ ನನ್ನದೇ, ಕೆಳಗೆ ನರ್ಸಿನ ಸಹಿ: ಎರಡೂ ಹಿಮ್ಮಡಿ ಸವೆದು ಕೆತ್ತಿಹೋಗಿವೆ.

ಚಿತ್ರದಲ್ಲಿದ್ದವನಿಗೆ ಕಾಲೇ ಇರಲಿಲ್ಲ. ಹತ್ತು ಇಪ್ಪತ್ತಕ್ಕೆ ಬರೆದವನು ನಾನೇ ಆಗಿದ್ದರೆ, ನಾಲ್ಕು ಗಂಟೆಗೆ ಆ ಸರಳನ್ನು ಯಾಕೆ ಕಸಿದುಕೊಳ್ಳಲಿಲ್ಲ? ಎಳೆಯುವಾಗ ರೋಡೆಲನ ಕೈಯನ್ನಾದರೂ ಯಾಕೆ ಬಿಡಲಿಲ್ಲ? ಈಗ ಮನುಷ್ಯರ ಮುಖವಿರುವ ಚಿತ್ರ ಬಂದರೆ ಲಿಸ್ಟನ್ನು ಹಮೀದನ ಕೈಗೆ ಕೊಟ್ಟು ಹೊರಗೆ ಹೋಗುತ್ತೇನೆ.

ಇಲ್ಲಿ ನಮಗೆ ರಜೆ ಇರುತ್ತದೆಂದು ರೋಡೆಲ್ ಪ್ರತಿ ಈದ್‌ಗೆ ತಪ್ಪದೆ ಫೋನ್ ಮಾಡುತ್ತಾನೆ. ನೀನು ಎಳೆಯದಿದ್ದರೆ ಅಲ್ಲೇ ತುಳಿದು ಸಾಯಿಸುತ್ತಿದ್ದರು ಎನ್ನುತ್ತಾನೆ. ಲಿಸ್ಟಿನ ವಿಷಯ ಅವನಿಗೆ ಹೇಳಿಲ್ಲ. ಈ ಸಲ ಅವನೇ ಒಂದು ಮಾತು ಕೇಳಿದ. ಕಾಲಿಗೆ ಸೂಜಿ ಚುಚ್ಚಿದರೂ ಏನೂ ತಿಳಿಯುವುದಿಲ್ಲವಂತೆ, ಆದರೆ ಹಿಮ್ಮಡಿ ಮಾತ್ರ ಉರಿಯುತ್ತದಂತೆ, ದಿನಾ ಬೆಳಿಗ್ಗೆ ಹತ್ತು ಗಂಟೆ ದಾಟಿದ ಮೇಲೆ. "ಯಾಕಿರಬಹುದು ತಮ್ಮಾ?" ಎಂದ.

ಗೊತ್ತಿಲ್ಲ ಎಂದೆ.